ದೊಡ್ಡಮ್ಮನಿಗೆ ಯಾರೂ 'ಒಂದು ತಿಂಗಳು ಕಾಯಿರಿ' ಅನ್ನಲಿಲ್ಲ: ಗರ್ಭಕೋಶದ ಒಳಪದರದ ಚರಿತ್ರೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ. ಇವತ್ತಿನ ವಿಷಯ ಮುಟ್ಟು. ಅದರಲ್ಲೂ ಅತಿಯಾದ ರಕ್ತಸ್ರಾವ. ಹುಡುಗರು ದಯವಿಟ್ಟು ಸ್ಕಿಪ್ ಮಾಡಬೇಡಿ. ನಿಮ್ಮ ಮನೆಯಲ್ಲೂ ಅಮ್ಮ, ಅಕ್ಕ, ಅತ್ತೆ ಇದ್ದಾರೆ. ಆಪರೇಷನ್ ಕಾಗದಕ್ಕೆ ಸಹಿ ಹಾಕೋಕೆ ನಾಳೆ ನಿಮ್ಮನ್ನೇ ಕರೀಬಹುದು.

ಈ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮ ಚಿಕ್ಕಮ್ಮನಿಗೆ 44 ವರ್ಷ. ಎರಡು ವರ್ಷದಿಂದ ತಿಂಗಳಿಗೆ ಒಂಬತ್ತು, ಹತ್ತು ದಿನ ಬ್ಲೀಡಿಂಗ್. ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಾಯಿಸಬೇಕು. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗೆ ಇಳಿದಿತ್ತು. ಮಾತ್ರೆ ಆಯ್ತು, ಹಾರ್ಮೋನ್ ಇರುವ ಲೂಪ್ ಹಾಕಿಸಿದ್ದಾಯ್ತು, ಅದು ಜಾರಿ ಬಿತ್ತು. ಕೊನೆಗೆ ಡಾಕ್ಟರ್, "ಗರ್ಭಕೋಶ ತೆಗೆಯೋದು ಬೇಡ, ಒಳಗಿನ ಪದರ ಮಾತ್ರ ಸುಟ್ಟು ತೆಗೆಯೋಣ" ಅಂದರು. ಆದರೆ ತಕ್ಷಣ ಅಲ್ಲ. ಮೊದಲು ಒಂದು ಇಂಜೆಕ್ಷನ್, ಆಮೇಲೆ ನಾಲ್ಕು ವಾರ ಕಾಯಬೇಕು.

ಚಿಕ್ಕಮ್ಮ ಫೋನಲ್ಲಿ ಕೇಳಿದಳು: "ಅಲ್ಲ ಕಣೇ, ಹೇಗೂ ಸುಟ್ಟು ತೆಗೆಯೋ ಪದರಕ್ಕೆ ಇಷ್ಟು ದುಡ್ಡಿನ ಇಂಜೆಕ್ಷನ್ ಯಾಕೆ?"

"ಡಾಕ್ಟರನ್ನೇ ಕೇಳಲಿಲ್ವಾ ನೀನು?"

"ಹೊರಗೆ ಅಷ್ಟು ಜನ ಕಾಯ್ತಿದ್ರು. ಕೇಳಿದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಸುಮ್ಮನೆ ಬಂದೆ."

ಅಷ್ಟರಲ್ಲಿ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸ್ತು: "ನನಗೆ ಯಾರೂ ಒಂದು ತಿಂಗಳು ಕಾಯಿ ಅನ್ನಲಿಲ್ಲವಲ್ಲೇ. ಶುಕ್ರವಾರ ತೋರಿಸಿದ್ವಿ, ಸೋಮವಾರ ತೆಗೆದೇಬಿಟ್ರು."

ದೊಡ್ಡಮ್ಮನ ಗರ್ಭಕೋಶ ತೆಗೆದದ್ದು 1994ರಲ್ಲಿ, ತಾಲ್ಲೂಕು ಊರಿನ ಒಂದು ನರ್ಸಿಂಗ್ ಹೋಂನಲ್ಲಿ. ಆಗ ಅವಳಿಗೆ 34 ವರ್ಷ. ಒಂದೇ ಮನೆಯ ಅಕ್ಕ ತಂಗಿ, ಒಂದೇ ತೊಂದರೆ. ಒಬ್ಬಳಿಗೆ ಮೂರು ದಿನದಲ್ಲಿ ಇಡೀ ಗರ್ಭಕೋಶ ಹೋಯ್ತು. ಇನ್ನೊಬ್ಬಳಿಗೆ ನಾಲ್ಕು ವಾರ ತಯಾರಿ, ಗರ್ಭಕೋಶ ಇದ್ದಲ್ಲೇ ಇರುತ್ತೆ. ಈ ನಾಲ್ಕು ವಾರ ಎಲ್ಲಿಂದ ಬಂತು? ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮಗೆ ಹೇಳ್ತೀನಿ.

ಗರಿಕೆಯ ಹಾಗೆ ಚಿಗುರುವ ಪದರ

ಮೊದಲು ಒಂದು ಚಿಕ್ಕ ಪಾಠ. ಗರ್ಭಕೋಶದ ಗೋಡೆ ದಪ್ಪ ಸ್ನಾಯು. ಅದರ ಒಳಗೆ ಮೆತ್ತನೆಯ ಒಂದು ಪದರ ಇದೆ, ಎಂಡೊಮೆಟ್ರಿಯಂ ಅಂತಾರೆ. ಇದರಲ್ಲಿ ಎರಡು ಭಾಗ. ಮೇಲಿನದು ಪ್ರತಿ ತಿಂಗಳು ಬೆಳೆದು, ಗರ್ಭ ನಿಲ್ಲದಿದ್ದರೆ ಉದುರಿ ಹೋಗೋದು. ಅದೇ ಮುಟ್ಟು. ಕೆಳಗಿನದು ಬುಡ. ಅದು ಉದುರಲ್ಲ, ಅದರ ಗ್ರಂಥಿಗಳು ಸ್ನಾಯುವಿನ ಅಂಚಿನವರೆಗೂ ಇಳಿದಿರುತ್ತವೆ. ಅಲ್ಲಿಂದಲೇ ಮುಂದಿನ ತಿಂಗಳ ಪದರ ಹೊಸದಾಗಿ ಚಿಗುರುತ್ತೆ.

ಹೊಲದಲ್ಲಿ ಗರಿಕೆ ನೋಡಿದ್ದೀರಲ್ವಾ? ಮೇಲೆ ಎಷ್ಟು ಕೊಯ್ದರೂ ಬುಡ ಉಳಿದರೆ ಮತ್ತೆ ಬರುತ್ತೆ. ಇದೂ ಹಾಗೇ.

ಮುಟ್ಟು ಮುಗಿದ ಮರುದಿನಗಳಲ್ಲಿ ಈ ಪದರ ಕೆಲವೇ ಮಿಲಿಮೀಟರ್ ದಪ್ಪ. ಮುಂದಿನ ಮುಟ್ಟು ಹತ್ತಿರ ಬರೋ ಹೊತ್ತಿಗೆ ಹತ್ತು ಮಿಲಿಮೀಟರ್ ದಾಟಬಹುದು. ಈ ವ್ಯತ್ಯಾಸ ನೆನಪಿರಲಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಹಾಗಾದರೆ 'ಅತಿಯಾದ' ರಕ್ತಸ್ರಾವ ಅಂದ್ರೆ ಎಷ್ಟು? ಇದನ್ನ ನಿಜವಾಗಲೂ ಅಳೆದು ನೋಡಿದವರು ಇದ್ದಾರೆ. 1960ರ ದಶಕದಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಲೀಫ್ ಹಾಲ್‌ಬರ್ಗ್ ಮತ್ತು ಜೊತೆಗಾರರು ನೂರಾರು ಹೆಂಗಸರು ಬಳಸಿದ ಪ್ಯಾಡ್‌ಗಳನ್ನ ಸಂಗ್ರಹಿಸಿ, ಅದರಲ್ಲಿದ್ದ ರಕ್ತವನ್ನ ರಾಸಾಯನಿಕವಾಗಿ ಬೇರ್ಪಡಿಸಿ ಅಳೆದರು. 1966ರಲ್ಲಿ ಪ್ರಕಟವಾದ ಆ ಅಧ್ಯಯನದಿಂದ ಬಂದದ್ದೇ 80 ಮಿಲಿಲೀಟರ್ ಅನ್ನೋ ಗೆರೆ. ಒಂದು ಮುಟ್ಟಿನಲ್ಲಿ ಅದಕ್ಕಿಂತ ಹೆಚ್ಚು ಹೋದರೆ ರಕ್ತಹೀನತೆ ಬರೋ ಸಾಧ್ಯತೆ ಜಾಸ್ತಿ. 80 ಮಿಲಿಲೀಟರ್ ಅಂದ್ರೆ ನಮ್ಮ ದರ್ಶಿನಿಯ ಒಂದು ಸಣ್ಣ ಲೋಟ ಕಾಫಿಯಷ್ಟು.

ಈಗಿನ ವೈದ್ಯರು ಈ ಅಳತೆಗೆ ಅಂಟಿಕೊಳ್ಳಲ್ಲ. ಮನೆಯಲ್ಲಿ ಯಾರು ಅಳೀತಾರೆ ಹೇಳಿ? ನಿಮ್ಮ ಓಡಾಟ, ನಿದ್ದೆ, ಕೆಲಸ, ಮನಸ್ಸು ಇವಕ್ಕೆಲ್ಲ ಅಡ್ಡಿಯಾಗುವಷ್ಟು ಹೋಗ್ತಿದ್ದರೆ ಅದು ಅತಿಯೇ. ಅಳತೆ ಇರೋದು ಹೆಂಗಸಿನ ಮಾತಿನಲ್ಲಿ. ಇಷ್ಟನ್ನ ಒಪ್ಪಿಕೊಳ್ಳೋಕೆ ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಬೇಕಾಯ್ತು.

ಕೆರೆದರು, ಬೇಯಿಸಿದರು, ಕೊನೆಗೆ ತೆಗೆದರು

ಹಳೇ ಕಾಲದ ಚಿಕಿತ್ಸೆಗಳನ್ನ ಕೇಳಿದರೆ ಮೈ ಜುಂ ಅನ್ನುತ್ತೆ. 1840ರ ದಶಕದಲ್ಲಿ ಪ್ಯಾರಿಸ್‌ನ ರೆಕಮಿಯೆ ಅನ್ನೋ ವೈದ್ಯ ಗರ್ಭಕೋಶದ ಒಳಗೋಡೆ ಕೆರೆಯೋಕೆ ಸಣ್ಣ ಚಮಚದಂಥ ಕ್ಯುರೆಟ್ ಬಳಕೆಗೆ ತಂದರು. ಇವತ್ತಿಗೂ ನಾವು 'ಡಿ ಆಂಡ್ ಸಿ' ಅಂತೀವಲ್ಲ, ಅದರ ಮೂಲ ಅಲ್ಲಿದೆ. ಆದರೆ ಕೆರೆದಾಗ ಹೋಗೋದು ಮೇಲಿನ ಪದರ. ಬುಡ ಅಲ್ಲೇ ಇರುತ್ತೆ. ಒಂದೆರಡು ತಿಂಗಳು ಆರಾಮ, ಆಮೇಲೆ ಮತ್ತೆ ಅದೇ ಕಥೆ. ಅದೂ ಕಣ್ಣಿಗೆ ಕಾಣದೆ, ಕೈ ಅಂದಾಜಿನಲ್ಲಿ ಮಾಡೋ ಕೆಲಸ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಾಸ್ಕೋದ ಸ್ನೆಗಿರಿಯೋವ್ ಗರ್ಭಕೋಶದೊಳಗೆ ಬಿಸಿ ಹಬೆ ಬಿಟ್ಟು ರಕ್ತ ನಿಲ್ಲಿಸೋಕೆ ನೋಡಿದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ರೇಡಿಯಂ ಬಂತು. ಗರ್ಭಕೋಶದ ಒಳಗೆ ರೇಡಿಯಂ ಇಟ್ಟರೆ ರಕ್ತ ನಿಲ್ತಿತ್ತು ನಿಜ, ಜೊತೆಗೆ ಅಂಡಾಶಯಗಳೂ ಕೆಲಸ ನಿಲ್ಲಿಸ್ತಿದ್ದವು.

ಇನ್ನು ಗರ್ಭಕೋಶವನ್ನೇ ತೆಗೆಯೋದು. 1843ರಲ್ಲಿ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಕ್ಲೇ ಹೊಟ್ಟೆ ಕೊಯ್ದು ಈ ಆಪರೇಷನ್ ಮಾಡಿದರು. ರೋಗಿ ಉಳಿಯಲಿಲ್ಲ. 1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ವಾಲ್ಟರ್ ಬರ್ನ್‌ಹ್ಯಾಮ್ ಮಾಡಿದಾಗ ರೋಗಿ ಬದುಕಿದಳು. ಅವರು ಹೊಟ್ಟೆ ಕೊಯ್ದದ್ದು ಅಂಡಾಶಯದ ಗೆಡ್ಡೆ ಅಂದುಕೊಂಡು, ಒಳಗೆ ಸಿಕ್ಕಿದ್ದು ಬೇರೆ. ಆ ಕಾಲದಲ್ಲಿ ಇದು ಸಾವಿನ ಜೊತೆ ಜೂಜು. ಆಮೇಲೆ ಅರಿವಳಿಕೆ ಸುಧಾರಿಸಿತು, ರಕ್ತ ಕೊಡೋದು ಬಂತು, ಆಂಟಿಬಯಾಟಿಕ್ ಬಂತು. ಇಪ್ಪತ್ತನೇ ಶತಮಾನದ ನಡುವಿಗೆ ಗರ್ಭಕೋಶ ತೆಗೆಯೋದು ಮಾಮೂಲಿ ಆಪರೇಷನ್ ಆಯ್ತು. ಬುಡಸಮೇತ ತೆಗೆದರೆ ಮತ್ತೆ ಚಿಗುರೋ ಮಾತೇ ಇಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ಕೆಲವು ಮಿಲಿಮೀಟರ್ ಪದರದ ತೊಂದರೆಗೆ ಇಡೀ ಅಂಗ ಹೋಗ್ತಿತ್ತು.

ಮಾತ್ರೆಯ ಕಡೆಯಿಂದ ಒಂದು ಒಳ್ಳೇ ಸುದ್ದಿ ಬಂದದ್ದು ಜಪಾನಿನಿಂದ. ಉತಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ 1962ರಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಪ್ರಕಟಿಸಿದರು. ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ತಡೆಯುವ ಔಷಧ ಅದು. ಇವತ್ತಿಗೂ ಅತಿ ಬ್ಲೀಡಿಂಗ್‌ಗೆ ವೈದ್ಯರು ಬರೆಯುವ ಮೊದಲ ಮಾತ್ರೆಗಳಲ್ಲಿ ಒಂದು. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತೆ. ಸಾಕಾಗದವರ ಕಥೆ ಮುಂದಿನದು.

ಒಳಗೆ ಇಣುಕಿದವರು

ಪದರವನ್ನ ಮಾತ್ರ ತೆಗೀಬೇಕು ಅಂದ್ರೆ ಮೊದಲು ಅದು ಕಣ್ಣಿಗೆ ಕಾಣಬೇಕು. 1869ರಲ್ಲಿ ಪಾಂಟಲಿಯೋನಿ ಅನ್ನೋ ವೈದ್ಯ 60 ವರ್ಷದ ಒಬ್ಬ ಹೆಂಗಸಿನ ಗರ್ಭಕೋಶದೊಳಗೆ ಕೊಳವೆ ಹಾಕಿ ಇಣುಕಿ, ಅಲ್ಲಿದ್ದ ಸಣ್ಣ ದುರ್ಮಾಂಸವನ್ನ ಸಿಲ್ವರ್ ನೈಟ್ರೇಟ್‌ನಿಂದ ಸುಟ್ಟರು. ಹಿಸ್ಟೆರೋಸ್ಕೋಪಿಯ ಚರಿತ್ರೆ ಶುರುವಾಗೋದು ಅಲ್ಲಿಂದ. ಆಮೇಲೆ ನೂರು ವರ್ಷ ಅದು ಹೆಚ್ಚು ಮುಂದೆ ಹೋಗಲಿಲ್ಲ. ಗರ್ಭಕೋಶದ ಒಳಗೆ ಜಾಗವೇ ಇರಲ್ಲ, ಮುಂದಿನ ಗೋಡೆ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತೆ. ಜೊತೆಗೆ ಕತ್ತಲು, ರಕ್ತ. ಒಳ್ಳೆಯ ಬೆಳಕು, ಒಳ್ಳೆಯ ಲೆನ್ಸ್, ಒಳಗೆ ದ್ರವ ತುಂಬಿಸಿ ಜಾಗ ಮಾಡೋ ವಿಧಾನ, ಇವೆಲ್ಲ ಒಟ್ಟಿಗೆ ಸೇರಬೇಕಾಯ್ತು.

ನಡುವೆ 1948ರಲ್ಲಿ ಜೋಸೆಫ್ ಆಶರ್‌ಮನ್ ಒಂದು ವಿಷಯ ಗಮನಿಸಿ ಬರೆದರು. ಹೆರಿಗೆ ಅಥವಾ ಗರ್ಭಪಾತದ ನಂತರ ತುಂಬಾ ಆಳವಾಗಿ ಕೆರೆದಾಗ ಕೆಲವರಿಗೆ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಬೆಸೆದುಕೊಂಡು ಮುಟ್ಟೇ ನಿಂತುಹೋಗ್ತಿತ್ತು. ಮಕ್ಕಳು ಬೇಕಾದವರಿಗೆ ಅದು ದೊಡ್ಡ ನೋವು. ಆದರೆ ಒಂದು ವಿಷಯ ಅದರಿಂದ ಖಚಿತವಾಯ್ತು. ಬುಡ ನಾಶವಾದರೆ ಪದರ ಮತ್ತೆ ಬರಲ್ಲ. ಹಾಗಾದರೆ ಮಕ್ಕಳು ಸಾಕು, ಬ್ಲೀಡಿಂಗ್ ಮಾತ್ರ ನಿಲ್ಲಲಿ ಅನ್ನೋರಿಗೆ ಇದನ್ನೇ ಬೇಕಂತಲೇ, ಹಿಡಿತದಲ್ಲಿ ಇಟ್ಟುಕೊಂಡು ಮಾಡಬಹುದಲ್ವಾ?

1981ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮಿಲ್ಟನ್ ಗೋಲ್ಡ್‌ರಾತ್ ಅದನ್ನ ಮಾಡಿ ತೋರಿಸಿದರು. ಹಿಸ್ಟೆರೋಸ್ಕೋಪ್ ಮೂಲಕ ಲೇಸರ್ ನಾರು ತೂರಿಸಿ, ಕಣ್ಣಲ್ಲಿ ನೋಡ್ತಾ, ಒಳಪದರವನ್ನ ಗೆರೆ ಗೆರೆಯಾಗಿ ಸುಟ್ಟರು. ಹೊಟ್ಟೆ ಕೊಯ್ಯಲಿಲ್ಲ, ಹೊಲಿಗೆ ಇಲ್ಲ.

ಇಲ್ಲೇ ನಮ್ಮ ಚಿಕ್ಕಮ್ಮನ ಪ್ರಶ್ನೆಗೆ ಉತ್ತರದ ಮೊದಲ ತುಂಡು ಸಿಗುತ್ತೆ. ಲೇಸರ್ ಆಗಲಿ, ಆಮೇಲೆ ಬಂದ ವಿದ್ಯುತ್ ಉಪಕರಣ ಆಗಲಿ, ಸುಡೋದು ಕೆಲವೇ ಮಿಲಿಮೀಟರ್ ಆಳ. ಅದಕ್ಕಿಂತ ಆಳ ಹೋದರೆ ಗೋಡೆ ತೂತಾಗಿ ಕರುಳಿಗೆ ಪೆಟ್ಟಾಗೋ ಭಯ. ಪದರವೇ ಹತ್ತು ಮಿಲಿಮೀಟರ್ ದಪ್ಪ ಇದ್ದರೆ ಬಿಸಿ ಬುಡ ಮುಟ್ಟೋದೇ ಇಲ್ಲ. ಆಳೆತ್ತರ ಬೆಳೆದ ಹುಲ್ಲಿನ ಮೇಲೆ ಬೆಂಕಿ ಓಡಿಸಿದ ಹಾಗೆ, ತುದಿ ಸುಡುತ್ತೆ, ಬುಡ ಹಸಿರಾಗೇ ಇರುತ್ತೆ. ಮೂರು ತಿಂಗಳಲ್ಲಿ ಮತ್ತೆ ಚಿಗುರು. ಆದ್ದರಿಂದ ಮೊದಲು ಪದರ ತೆಳುವಾಗಬೇಕು. ಹೊಲ ಹದ ಮಾಡಿಕೊಂಡು ಆಮೇಲೆ ಕೆಲಸ.

ಗೋಲ್ಡ್‌ರಾತ್ ಅದಕ್ಕೆ ಆರಿಸಿಕೊಂಡದ್ದು ಡನಜಾಲ್ ಅನ್ನೋ ಮಾತ್ರೆ. ಎಂಡೊಮೆಟ್ರಿಯೋಸಿಸ್ ಅನ್ನೋ ಬೇರೆ ಕಾಯಿಲೆಗೆ 1970ರ ದಶಕದಲ್ಲಿ ಬಂದ ಔಷಧ. ಆಪರೇಷನ್‌ಗೆ ಕೆಲವು ವಾರ ಮುಂಚಿನಿಂದ ಕೊಟ್ಟರೆ ಒಳಪದರ ಒಣಗಿ ತೆಳುವಾಗುತ್ತೆ. ಆದರೆ ಡನಜಾಲ್ ಗಂಡು ಹಾರ್ಮೋನಿನ ಸಂಬಂಧಿ. ತೂಕ ಏರೋದು, ಮೊಡವೆ, ಮುಖದಲ್ಲಿ ಕೂದಲು, ಕೆಲವರಿಗೆ ದನಿ ಗಡಸಾಗೋದು, ಇವೆಲ್ಲ ಇದ್ದವು. ಹೀಗೆ ಗಡಸಾದ ದನಿ ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ಹಾಗೇ ಉಳೀತಿತ್ತು. ಕೆಲವೇ ವಾರಕ್ಕೆ ಅಂತ ಒಪ್ಪಿಕೊಳ್ತಿದ್ದರು, ಆದರೂ ಇದಕ್ಕಿಂತ ಒಳ್ಳೇದು ಬೇಕಿತ್ತು.

ಪ್ರಾಸ್ಟೇಟ್‌ನಿಂದ ಬಂದ ಉಪಕರಣ

ಲೇಸರ್ ಯಂತ್ರ ಭಾರೀ ದುಬಾರಿ. ಎರಡೇ ವರ್ಷದಲ್ಲಿ, 1983ರಲ್ಲಿ, ಯೇಲ್‌ನ ಅಲನ್ ಡಿಚರ್ನಿ ಮತ್ತು ಮೇರಿ ಲೇಕ್ ಪೋಲನ್ ಬೇರೊಂದು ದಾರಿ ಹಿಡಿದರು. ಗಂಡಸರ ಪ್ರಾಸ್ಟೇಟ್ ಆಪರೇಷನ್‌ಗೆ ಮೂತ್ರರೋಗ ತಜ್ಞರು ಬಳಸೋ ರೆಸೆಕ್ಟೋಸ್ಕೋಪ್ ಇತ್ತಲ್ಲ, ತುದಿಯಲ್ಲಿ ವಿದ್ಯುತ್ ತಂತಿಯ ಬಳೆ ಇರೋದು, ಅದನ್ನೇ ಗರ್ಭಕೋಶಕ್ಕೆ ತಂದರು. ಅವರ ರೋಗಿಗಳು ಗರ್ಭಕೋಶ ತೆಗೆಯೋ ದೊಡ್ಡ ಆಪರೇಷನ್ ತಾಳಿಕೊಳ್ಳೋ ಸ್ಥಿತಿಯಲ್ಲಿ ಇರಲಿಲ್ಲ. ಅವರಿಗೆ ಇದು ಕೊನೆಯ ದಾರಿಯಾಗಿತ್ತು.

ಆ ದಶಕದ ಕೊನೆಗೆ ಆಕ್ಸ್‌ಫರ್ಡ್‌ನಲ್ಲಿ ಆಡಂ ಮ್ಯಾಗೋಸ್ ಮತ್ತು ಜೊತೆಗಾರರು ಇದೇ ತಂತಿ ಬಳೆಯಿಂದ ಒಳಪದರವನ್ನ ಸಿಪ್ಪೆ ತೆಗೆದ ಹಾಗೆ ತೆಗೆಯೋದನ್ನ ನೂರಾರು ಹೆಂಗಸರಲ್ಲಿ ಮಾಡಿ ಬರೆದರು. 1989ರಲ್ಲಿ ತಿಯರಿ ವಾಂಕೈಲಿ, ಬಳೆಯ ಜಾಗದಲ್ಲಿ ಉರುಳುವ ಪುಟ್ಟ ಗುಂಡು ಇಟ್ಟು ಸುಡೋ 'ರೋಲರ್‌ಬಾಲ್' ವಿಧಾನವನ್ನ ವಿವರಿಸಿದರು. 1993ರಿಂದ 94ರವರೆಗೆ ಬ್ರಿಟನ್‌ನಲ್ಲಿ ಇಂಥ ಆಪರೇಷನ್ ಆದ 10,686 ಹೆಂಗಸರ ಮಾಹಿತಿ ಕಲೆಹಾಕಿ ಒಂದು ದೊಡ್ಡ ಸಮೀಕ್ಷೆ ನಡೀತು. ಲೇಸರ್ ಮತ್ತು ರೋಲರ್‌ಬಾಲ್‌ಗೆ ಹೋಲಿಸಿದರೆ ಬರೀ ತಂತಿ ಬಳೆಯಿಂದ ಕತ್ತರಿಸೋದರಲ್ಲಿ ಅಪಾಯ ಹೆಚ್ಚು ಅಂತ ಅದರಲ್ಲಿ ಕಂಡುಬಂತು.

ಇಲ್ಲಿ ಇನ್ನೊಂದು ಅಪಾಯದ ಬಗ್ಗೆ ಹೇಳಲೇಬೇಕು. ಒಳಗೆ ಜಾಗ ಮಾಡೋಕೆ ದ್ರವ ತುಂಬಿಸ್ತಾರೆ ಅಂದೆನಲ್ಲ, ಆ ಕಾಲದ ವಿದ್ಯುತ್ ಉಪಕರಣಕ್ಕೆ ಉಪ್ಪುನೀರು ಆಗ್ತಿರಲಿಲ್ಲ, ವಿದ್ಯುತ್ ಚದುರಿ ಹೋಗುತ್ತೆ. ಅದಕ್ಕೆ ಗ್ಲೈಸಿನ್ ದ್ರಾವಣ ಬಳಸ್ತಿದ್ದರು. ಕತ್ತರಿಸಿದ ರಕ್ತನಾಳಗಳ ಮೂಲಕ ಈ ದ್ರವ ಮೈಗೆ ಸೇರುತ್ತೆ. ಜಾಸ್ತಿ ಸೇರಿದರೆ ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಊದಿಕೊಳ್ಳಬಹುದು, ಜೀವಕ್ಕೇ ಕುತ್ತು. ಆದ್ದರಿಂದ ಆಪರೇಷನ್ ಥಿಯೇಟರ್‌ನಲ್ಲಿ ಒಬ್ಬರು ಒಳಗೆ ಹೋದ ದ್ರವ ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಲೆಕ್ಕ ಇಡ್ತಾನೇ ಇರಬೇಕು. ಆಪರೇಷನ್ ಉದ್ದವಾದಷ್ಟೂ ಅಪಾಯ ಹೆಚ್ಚು.

ಚಿಕ್ಕಮ್ಮನ ಪ್ರಶ್ನೆಗೆ ಎರಡನೇ ತುಂಡು ಇದು. ದಪ್ಪ ಪದರ ಅಂದ್ರೆ ಬುಡ ಸಿಗಲ್ಲ ಅನ್ನೋದಷ್ಟೇ ಅಲ್ಲ. ತುಣುಕುಗಳು ತೇಲಾಡಿ ಕಣ್ಣಿಗೆ ಅಡ್ಡ ಬರ್ತವೆ, ರಕ್ತ ಜಾಸ್ತಿ, ಸಮಯ ಜಾಸ್ತಿ. ತೆಳು ಪದರ ಆದರೆ ಡಾಕ್ಟರ್‌ಗೆ ಗೋಡೆ ಸ್ಪಷ್ಟವಾಗಿ ಕಾಣುತ್ತೆ, ಕೆಲಸ ಬೇಗ ಮುಗಿಯುತ್ತೆ.

ತೆಳು ಮಾಡೋಕೆ ಸುಲಭದ ದಾರಿಗಳೂ ಇದ್ದವು. ಮುಟ್ಟು ಮುಗಿದ ತಕ್ಷಣದ ದಿನಗಳಲ್ಲಿ ಆಪರೇಷನ್ ಮಾಡೋದು ಒಂದು. ಆದರೆ ಇಷ್ಟು ಬ್ಲೀಡಿಂಗ್ ಇರೋರಿಗೆ ಮುಟ್ಟು ಯಾವಾಗ ಮುಗಿಯುತ್ತೆ ಅನ್ನೋದೇ ಗೊತ್ತಿರಲ್ಲ, ಅದಕ್ಕೆ ಸರಿಯಾಗಿ ಥಿಯೇಟರ್ ಖಾಲಿ ಇರಬೇಕಲ್ಲ. ಅದೇ ಹೊತ್ತಿನಲ್ಲಿ ಮೊದಲು ಕೆರೆದು ಆಮೇಲೆ ಸುಡೋದು ಇನ್ನೊಂದು. ಪ್ರೊಜೆಸ್ಟೊಜೆನ್ ಮಾತ್ರೆ ಮತ್ತೊಂದು.

ಹಂದಿಯ ಮೆದುಳಿನಿಂದ ಬಂದ ಇಂಜೆಕ್ಷನ್

ಈಗ ಆ ಇಂಜೆಕ್ಷನ್ ಕಥೆ. ಇದು ಶುರುವಾಗೋದು ಕಸಾಯಿಖಾನೆಯಲ್ಲಿ.

ಮುಟ್ಟಿನ ಚಕ್ರ ನಡೆಸೋದು ಗರ್ಭಕೋಶ ಅಲ್ಲ, ಮೆದುಳು. ಮೆದುಳಿನ ತಳದಲ್ಲಿರೋ ಹೈಪೋಥಲಮಸ್ ಅನ್ನೋ ಸಣ್ಣ ಜಾಗದಿಂದ ಒಂದು ಹಾರ್ಮೋನ್ ಹೊರಡುತ್ತೆ. ಅದು ಪಿಟ್ಯುಟರಿ ಗ್ರಂಥಿಗೆ ಹೇಳುತ್ತೆ, ಪಿಟ್ಯುಟರಿ ಅಂಡಾಶಯಕ್ಕೆ ಹೇಳುತ್ತೆ, ಅಂಡಾಶಯ ಈಸ್ಟ್ರೊಜೆನ್ ಮಾಡುತ್ತೆ, ಈಸ್ಟ್ರೊಜೆನ್ ಒಳಪದರ ಬೆಳೆಸುತ್ತೆ. ಆ ಮೊದಲ ಹಾರ್ಮೋನ್ ಇರೋ ಪ್ರಮಾಣ ಎಷ್ಟು ಕಡಿಮೆ ಅಂದ್ರೆ, ಅದನ್ನ ಹಿಡಿಯೋಕೆ ಆಂಡ್ರ್ಯೂ ಶಾಲಿ ತಂಡ ಲಕ್ಷಕ್ಕೂ ಹೆಚ್ಚು ಹಂದಿಗಳ ಹೈಪೋಥಲಮಸ್ ಅರೆಯಬೇಕಾಯ್ತು. ಅವರ ಪ್ರತಿಸ್ಪರ್ಧಿ ರೋಜರ್ ಗಿಲ್ಮಾ ಕುರಿಗಳ ಮೆದುಳಿನ ಹಿಂದೆ ಬಿದ್ದಿದ್ದರು. 1971ರಲ್ಲಿ ರಚನೆ ಗೊತ್ತಾಯ್ತು. ಬರೀ ಹತ್ತು ಅಮೈನೋ ಆಮ್ಲಗಳ ಸರಪಳಿ. ಅದರ ಹೆಸರು ಜಿಎನ್‌ಆರ್‌ಎಚ್. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಅದೇ ವರ್ಷ ಹಾರ್ಮೋನ್ ಅಳೆಯೋ ವಿಧಾನಕ್ಕಾಗಿ ರೊಸಾಲಿನ್ ಯಾಲೊ ಅವರಿಗೂ.

ಆಮೇಲೆ ಒಂದು ವಿಚಿತ್ರ ಗೊತ್ತಾಯ್ತು. ಅರ್ನ್ಸ್ಟ್ ನೋಬಿಲ್ ಮತ್ತು ಜೊತೆಗಾರರು ಕೋತಿಗಳ ಮೇಲೆ ಮಾಡಿದ ಪ್ರಯೋಗ 1978ರಲ್ಲಿ ಪ್ರಕಟವಾಯ್ತು. ಈ ಹಾರ್ಮೋನನ್ನ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತೆ. ಬಿಡದೆ ಸತತವಾಗಿ ಕೊಟ್ಟರೆ ಸುಮ್ಮನಾಗಿಬಿಡುತ್ತೆ. ಮನೆಯಲ್ಲಿ ಯಾರಾದರೂ ಬೆಳಗಿಂದ ಸಂಜೆವರೆಗೆ ಒಂದೇ ಸಮ ಕೂಗ್ತಾ ಇದ್ದರೆ ನಾವು ಕಿವಿಗೊಡೋದು ಬಿಟ್ಟುಬಿಡ್ತೀವಲ್ಲ, ಹಾಗೆ.

ಔಷಧ ತಯಾರಕರು ಇದನ್ನೇ ಬಳಸಿಕೊಂಡರು. ಮೈಯಲ್ಲಿ ಬೇಗ ಕರಗದ, ದಿನಗಟ್ಟಲೆ ಬಿಡುಗಡೆಯಾಗ್ತಾ ಇರೋ ನಕಲಿ ಜಿಎನ್‌ಆರ್‌ಎಚ್ ಮಾಡಿದರು. ಗೊಸೆರೆಲಿನ್, ಲ್ಯುಪ್ರೊಲೈಡ್ ಇಂಥ ಹೆಸರುಗಳು ಚೀಟಿಯಲ್ಲಿ ಕಾಣ್ತವೆ. ಒಂದು ಇಂಜೆಕ್ಷನ್ ಸುಮಾರು ಒಂದು ತಿಂಗಳು ಕೆಲಸ ಮಾಡುತ್ತೆ. ಮೊದಲ ಕೆಲವು ದಿನ ಹಾರ್ಮೋನ್ ಏರುತ್ತೆ, ಆಮೇಲೆ ಪೂರ್ತಿ ಇಳಿಯುತ್ತೆ. ಈಸ್ಟ್ರೊಜೆನ್ ಇಲ್ಲದೆ ಒಳಪದರ ಬೆಳೆಯಲ್ಲ, ತೆಳುವಾಗಿ ಉಳಿಯುತ್ತೆ. ಅದಕ್ಕೇ ನಾಲ್ಕು ವಾರ. ಆ ಅವಧಿ ಇಂಜೆಕ್ಷನ್‌ನ ಕೆಲಸದ ಅವಧಿ.

ಇದಕ್ಕೂ ಬೆಲೆ ಇದೆ. ಮೈ ಬಿಸಿಯೇರಿ ಬೆವರೋದು, ನಿದ್ದೆ ಕೆಡೋದು, ಮನಸ್ಸು ಕಿರಿಕಿರಿ. ತಾತ್ಕಾಲಿಕವಾಗಿ ಮುಟ್ಟು ನಿಲ್ಲೋ ವಯಸ್ಸನ್ನ ಮುಂಚೆಯೇ ತಂದ ಹಾಗೆ. ಚಿಕ್ಕಮ್ಮ ಎರಡನೇ ವಾರ ಫೋನ್ ಮಾಡಿ, "ಫ್ಯಾನ್ ಕೆಳಗೆ ಕೂತ್ರೂ ಒಲೆ ಮುಂದೆ ಕೂತ ಹಾಗಿದೆ" ಅಂದಳು. ಇದು ಬರುತ್ತೆ, ಹೋಗುತ್ತೆ ಅಂತ ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಅಷ್ಟು ಹೆದರ್ತಿರಲಿಲ್ಲ.

ಕಾಯೋದರಿಂದ ಲಾಭ ಆಯ್ತಾ?

ಒಳ್ಳೇ ಪ್ರಶ್ನೆ. 1990ರ ದಶಕದಲ್ಲಿ ಇದನ್ನ ಹಲವು ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಕೊಕ್ರೇನ್ ಅನ್ನೋ ಸಂಸ್ಥೆ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಸಾರಾಂಶ ಹೀಗಿದೆ. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಪದರ ತೆಳುವಾಗಿತ್ತು, ಆಪರೇಷನ್ ಸಮಯ ಕಡಿಮೆಯಾಯ್ತು. ಮೊದಲ ಒಂದು ವರ್ಷದಲ್ಲಿ ಮುಟ್ಟು ಪೂರ್ತಿ ನಿಂತವರ ಸಂಖ್ಯೆ ಹೆಚ್ಚಿತ್ತು. ಪದರ ತೆಳು ಮಾಡೋದರಲ್ಲಿ ಇಂಜೆಕ್ಷನ್ ಡನಜಾಲ್‌ಗಿಂತ ಸ್ವಲ್ಪ ಮೇಲು. ಆದರೆ ವರ್ಷಗಳು ಉರುಳಿದ ಹಾಗೆ ಈ ಅಂತರ ಕಡಿಮೆಯಾಗ್ತಾ ಹೋಯ್ತು. ಆಪರೇಷನ್ ಬಗ್ಗೆ ತೃಪ್ತಿಯಂತೂ ಎರಡೂ ಗುಂಪಿನಲ್ಲಿ ಚೆನ್ನಾಗಿತ್ತು.

ಅಂದರೆ ತಯಾರಿ ಉಪಯುಕ್ತ, ಪವಾಡ ಅಲ್ಲ.

ಅಷ್ಟರಲ್ಲಿ ಯಂತ್ರಗಳೂ ಬದಲಾದವು. 1990ರ ದಶಕದಲ್ಲಿ ಬಲೂನ್ ಬಂತು. ಗರ್ಭಕೋಶದೊಳಗೆ ಬಲೂನ್ ಇಟ್ಟು, 87 ಡಿಗ್ರಿ ಬಿಸಿಯ ದ್ರವ ತುಂಬಿಸಿ ಎಂಟು ನಿಮಿಷ ಬಿಡೋದು. 1995ರಲ್ಲಿ ಇಂಗ್ಲೆಂಡಿನ ಬಾತ್ ನಗರದಿಂದ ಮೈಕ್ರೋವೇವ್ ವಿಧಾನದ ವರದಿ ಬಂತು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ನೊವಾಶ್ಯೂರ್ ಅನ್ನೋ ಬಲೆಯಂಥ ಸಾಧನ, ಪದರ ತೇವ ಇರೋವರೆಗೆ ಸುಟ್ಟು, ಒಣಗಿದ್ದು ಗೊತ್ತಾದಾಗ ತಾನೇ ನಿಲ್ಲುತ್ತೆ. ಸುಡೋ ಕೆಲಸ ಒಂದೆರಡು ನಿಮಿಷದ್ದು. ಅದಕ್ಕೆ ಮುಂಚಿನ ಇಂಜೆಕ್ಷನ್ ಬೇಕಿಲ್ಲ. ನಾಲ್ಕು ವಾರ ಕಾಯೋ ಅಗತ್ಯ ಅಲ್ಲಿಗೆ ತಪ್ಪಿತು. ಆದರೆ ಇಂಥ ಯಂತ್ರಗಳಲ್ಲಿ ಒಂದು ಸಲ ಬಳಸಿ ಬಿಸಾಡೋ ಭಾಗಗಳು ದುಬಾರಿ. ಎಲ್ಲಾ ಊರಿಗೂ ಅವು ಬಂದಿಲ್ಲ. ಚಿಕ್ಕಮ್ಮನ ಊರಿಗೂ ಬಂದಿಲ್ಲ, ಅಲ್ಲಿರೋದು ರೋಲರ್‌ಬಾಲ್. ಅದಕ್ಕೇ ಅವಳಿಗೆ ಇಂಜೆಕ್ಷನ್.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯ್ತು. ಫಿನ್ಲೆಂಡಿನ ತಪಾನಿ ಲುಕ್ಕೈನೆನ್ ರೂಪಿಸಿದ ಹಾರ್ಮೋನ್ ಲೂಪ್ 1990ರಲ್ಲಿ ಆ ದೇಶದ ಮಾರುಕಟ್ಟೆಗೆ ಬಂತು. ಗರ್ಭಕೋಶದ ಒಳಗೇ ಕೂತು ಸ್ವಲ್ಪ ಸ್ವಲ್ಪ ಲೆವೊನೊರ್‌ಜೆಸ್ಟ್ರೆಲ್ ಬಿಡುತ್ತೆ. ಆಪರೇಷನ್‌ಗೆ ಮುಂಚೆ ನಾವು ಏನು ಮಾಡಿಸ್ತಿದ್ದೆವೋ, ಪದರ ತೆಳು ಮಾಡೋದು, ಅದನ್ನೇ ಇದು ವರ್ಷಗಟ್ಟಲೆ ಮಾಡುತ್ತೆ. ಎಷ್ಟೋ ಜನರಿಗೆ ಆಮೇಲೆ ಆಪರೇಷನ್ನೇ ಬೇಡ. ಬ್ರಿಟನ್‌ನ ಮಾರ್ಗಸೂಚಿಯಲ್ಲಿ ದೊಡ್ಡ ಗೆಡ್ಡೆ ಇಲ್ಲದವರಿಗೆ ಇದೇ ಮೊದಲ ಆಯ್ಕೆ. ಇಂಗ್ಲೆಂಡಿನಲ್ಲಿ ಅತಿ ಬ್ಲೀಡಿಂಗ್‌ಗಾಗಿ ಗರ್ಭಕೋಶ ತೆಗೆಯೋದು 1990ರ ನಂತರದ ಹತ್ತು ಹದಿಮೂರು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಇತ್ತ ನಮ್ಮಲ್ಲಿ

ಈಗ ಮನೆಗೆ ವಾಪಸ್ ಬರೋಣ. ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಮೊದಲ ಸಲ ಹೆಂಗಸರನ್ನ ಗರ್ಭಕೋಶ ತೆಗೆಸಿದ್ದೀರಾ, ಯಾಕೆ ಅಂತ ವಿವರವಾಗಿ ಕೇಳಿತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3ರಷ್ಟು ಜನ ಹೌದು ಅಂದರು. ಆಂಧ್ರ, ತೆಲಂಗಾಣದಲ್ಲಿ ಇದು ಅದರ ಎರಡು ಪಟ್ಟಿಗೂ ಹೆಚ್ಚು. ತೆಗೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೊಟ್ಟ ಕಾರಣ ಅತಿ ಬ್ಲೀಡಿಂಗ್ ಅಥವಾ ಮುಟ್ಟಿನ ನೋವು. ಹೆಚ್ಚಿನ ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ.

2015ರಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ದೂರುಗಳು ಬಂದವು. ಹೊಟ್ಟೆನೋವು, ಬಿಳಿಸೆರಗು, ಬ್ಲೀಡಿಂಗ್ ಅಂತ ಹೋದ ಲಂಬಾಣಿ ಹೆಣ್ಣುಮಕ್ಕಳ, ಅದರಲ್ಲೂ ನಲವತ್ತು ದಾಟದವರ ಗರ್ಭಕೋಶ ತೆಗೆದಿದ್ದರು. ಹೋರಾಟಗಾರರು ದನಿ ಎತ್ತಿದ ಮೇಲೆ ತನಿಖೆ ನಡೀತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯೋ ಹೆಂಗಸರ ಸಮೀಕ್ಷೆಯಲ್ಲಿ 82,309 ಜನರ ಪೈಕಿ 13,861 ಮಂದಿ ಗರ್ಭಕೋಶ ಕಳೆದುಕೊಂಡಿದ್ದು ಗೊತ್ತಾಯ್ತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಕಟ್, ಮೇಲೆ ದಂಡ. ಅಂಥ ಕಡೆ ನಾಲ್ಕು ವಾರ ಕಾಯಿರಿ ಅನ್ನೋ ಮಾತಿಗೆ ಜಾಗ ಎಲ್ಲಿದೆ?

ಇದರ ಬಗ್ಗೆ ಡಾ. ನರೇಂದ್ರ ಗುಪ್ತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯೋಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳು ಮೂರು ತಿಂಗಳೊಳಗೆ ಜಾರಿಗೆ ತರಬೇಕು ಅಂತ ಕೋರ್ಟ್ ಹೇಳಿತು.

ಗರ್ಭಕೋಶ ತೆಗೆಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕ್ಯಾನ್ಸರ್ ಇದ್ದಾಗ, ದೊಡ್ಡ ಗೆಡ್ಡೆ ಇದ್ದಾಗ, ಬೇರೆ ಯಾವುದೂ ಫಲ ಕೊಡದಾಗ ಅದು ಜೀವ ಉಳಿಸುತ್ತೆ. ಪದರ ಸುಡೋದೂ ಎಲ್ಲರಿಗಲ್ಲ. ಮುಂದೆ ಮಗು ಬೇಕು ಅನ್ನೋರಿಗೆ ಅದು ಸಲ್ಲದು. ಆಪರೇಷನ್ ಆದ ಮೇಲೂ ಗರ್ಭ ನಿಲ್ಲಬಹುದು, ಅದು ಅಪಾಯ, ಹಾಗಾಗಿ ಗರ್ಭನಿರೋಧಕ ಬೇಕೇ ಬೇಕು. ಸುಡೋ ಮುಂಚೆ ಪದರದ ಚೂರು ತೆಗೆದು ಬಯಾಪ್ಸಿ ಮಾಡಿ, ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು.

ಟ್ರಂಕಿನಲ್ಲಿದ್ದ ಕಾರ್ಡು

ಈ ಸಂಚಿಕೆಗಾಗಿ ಊರಿಗೆ ಹೋಗಿದ್ದಾಗ ದೊಡ್ಡಮ್ಮ ಟ್ರಂಕ್ ತೆಗೆದು, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಕೆಳಗಿಂದ ತನ್ನ ಡಿಸ್ಚಾರ್ಜ್ ಕಾರ್ಡ್ ತೆಗೆದುಕೊಟ್ಟಳು. ಹಳದಿಯಾಗಿದೆ. ಕಾಯಿಲೆ ಅನ್ನೋ ಜಾಗದಲ್ಲಿ ಇಂಗ್ಲಿಷಿನ ಮೂರು ಅಕ್ಷರ ಇದೆ, 'ಡಿಯುಬಿ'. ಅಷ್ಟೇ. ಮೂವತ್ತು ವರ್ಷ ಅದನ್ನ ಜೋಪಾನ ಮಾಡಿದ್ದಾಳೆ, ಹಾಗಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ.

"ಏನೇ ಅದು? ಕ್ಯಾನ್ಸರ್ರಾ?" ಅಂತ ಕೇಳಿದಳು. ಅವಳು ಮೂವತ್ತು ವರ್ಷ ಹಾಗೇ ಅಂದುಕೊಂಡಿದ್ದಳು.

ಅಲ್ಲ. ಗೆಡ್ಡೆ ಇಲ್ಲ, ಕ್ಯಾನ್ಸರ್ ಇಲ್ಲ, ಪರೀಕ್ಷೆಯಲ್ಲಿ ಯಾವ ಕಾರಣವೂ ಕಾಣಲಿಲ್ಲ, ಆದರೂ ಬ್ಲೀಡಿಂಗ್ ಇದೆ ಅನ್ನೋದಕ್ಕೆ ಆಗ ವೈದ್ಯರು ಬಳಸ್ತಿದ್ದ ಚುಟುಕು ಹೆಸರು ಅದು. ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ 2011ರಲ್ಲಿ, ಈ ಪದ ಏನನ್ನೂ ಸ್ಪಷ್ಟವಾಗಿ ಹೇಳಲ್ಲ, ಬಳಸೋದು ಬಿಡಿ, ಕಾರಣ ಏನು ಅಂತ ಹುಡುಕಿ ಬರೆಯಿರಿ ಅಂದಿತು.

ನಾನು ಇದನ್ನ ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕಾರ್ಡನ್ನ ಮಡಚಿ ಮತ್ತೆ ಅದೇ ಜಾಗದಲ್ಲಿ ಇಟ್ಟಳು. "ಕ್ಯಾನ್ಸರ್ ಅಲ್ಲ ಅಂತ ಆಗಲೇ ಒಬ್ಬರು ಹೇಳಿದ್ರೆ ಆಗ್ತಿತ್ತು" ಅಂದಳು.

ಚಿಕ್ಕಮ್ಮನ ಆಪರೇಷನ್ ಹೋದ ತಿಂಗಳು ಮುಗೀತು. ಅವತ್ತೇ ಸಂಜೆ ಮನೆಗೆ ಬಂದಳು. ಆಪರೇಷನ್‌ಗೆ ಒಂದು ವಾರ ಮುಂಚೆ ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿದ್ದಳು. ನನ್ನ ಬ್ಲೀಡಿಂಗ್‌ಗೆ ಕಾರಣ ಏನು? ಬಯಾಪ್ಸಿಯಲ್ಲಿ ಏನು ಬಂದಿದೆ? ಆಪರೇಷನ್ ಬಿಟ್ಟು ಬೇರೆ ದಾರಿ ಏನಿದೆ? ಈ ಇಂಜೆಕ್ಷನ್ ಯಾಕೆ? ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲವಂತೆ. ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದು ಹೇಳಿದರಂತೆ. ಆ ಕಾಗದವನ್ನ ಚಿಕ್ಕಮ್ಮ ಮನೆಗೆ ತಂದು ಅಕ್ಕನಿಗೆ ತೋರಿಸಿದಳು.

ಆ ನಾಲ್ಕು ಪ್ರಶ್ನೆಗಳನ್ನ ನೀವೂ ಫೋನಲ್ಲಿ ನೋಟ್ ಮಾಡಿಟ್ಟುಕೊಳ್ಳಿ. ನಾಳೆ ಅಮ್ಮನ ಜೊತೆ ಆಸ್ಪತ್ರೆಗೆ ಹೋದಾಗ ನೀವೇ ಕೇಳಿ. ಚಿಕಿತ್ಸೆ ಯಾವುದು ಅಂತ ನಿಮ್ಮ ವೈದ್ಯರ ಜೊತೆ ಕೂತು ನಿರ್ಧರಿಸಿ, ಪಾಡ್‌ಕಾಸ್ಟ್ ಕೇಳಿ ಅಲ್ಲ.

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಮುಜುಗರ ಬೇಡ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.